ಸೀಟು ಸಿಕ್ಕಿದ ಮೇಲೆ ಜೊತೆಗಿರುವವರು ಯಾರು? - ವಿದ್ಯಾರ್ಥಿ ಸಲಹೆಗಾರರ ವೃತ್ತಿಯ ಪರಿಚಯ

ಮೇ, ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸನ್ಮಾನದ ಕಾಲ. ಹತ್ತನೇ ತರಗತಿ ಹಾಗೂ ಪಿಯುಸಿಯಲ್ಲಿ ಉತ್ತಮ ಅಂಕ ಗಳಿಸಿದ ಮಕ್ಕಳನ್ನು ಭಾನುವಾರದ ಬಲಿಪೂಜೆಯ ಬಳಿಕ ಕರೆದು ಹೂ, ಪ್ರಶಸ್ತಿಪತ್ರ, ನಗದು ಬಹುಮಾನ ನೀಡುತ್ತೇವೆ. ಇದು ಒಳ್ಳೆಯ ಪದ್ಧತಿ, ಮುಂದುವರಿಯಲಿ. ಆದರೆ ಅದೇ ಮಕ್ಕಳಲ್ಲಿ ಪದವಿಯ ಎರಡನೇ ಸೆಮಿಸ್ಟರ್ ಹೊತ್ತಿಗೆ ಕಾಲೇಜು ಬಿಟ್ಟವರು ಎಷ್ಟು ಮಂದಿ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಸೇರಿದ ಸುದ್ದಿ ಊರಿಗೆಲ್ಲ ತಿಳಿಯುತ್ತದೆ, ಬಿಟ್ಟ ಸುದ್ದಿ ಮನೆಯೊಳಗೇ ಉಳಿಯುತ್ತದೆ. "ಅವನಿಗೆ ಓದು ಹತ್ತಲಿಲ್ಲ ಫಾದರ್" ಎಂಬ ಒಂದು ಮಾತಿಗೆ ವಿಷಯ ಮುಗಿಯುತ್ತದೆ.

ನಿಜಕ್ಕೂ ಓದು ಹತ್ತದೆ ಬಿಡುವವರು ಇದ್ದಾರೆ. ಆದರೆ ಹಾಜರಾತಿ ಕೊರತೆಯಾಗಿ ಪರೀಕ್ಷೆಗೆ ಕೂರಲಾಗದೆ, ತಿಳಿಯದೆ ಆಯ್ದುಕೊಂಡ ವಿಷಯದಲ್ಲಿ ಸಿಕ್ಕಿಕೊಂಡು, ವಿದ್ಯಾರ್ಥಿವೇತನ ಬಾರದೆ, ಇಂಗ್ಲಿಷ್ ಪಾಠ ಅರ್ಥವಾಗದೆ, ಅರ್ಥವಾಗಲಿಲ್ಲವೆಂದು ಹೇಳಲು ನಾಚಿ ಬಿಡುವವರೂ ಇದ್ದಾರೆ. ಈ ಎರಡನೇ ಗುಂಪಿನವರನ್ನು ಉಳಿಸಿಕೊಳ್ಳಬಹುದು. ಅದನ್ನೇ ಜೀವನವೃತ್ತಿಯಾಗಿ ಮಾಡಿಕೊಂಡವರು ಜಗತ್ತಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇದ್ದಾರೆ. ಅವರನ್ನು ಸ್ಟೂಡೆಂಟ್ ಅಡ್ವೈಸರ್, ಅಕಾಡೆಮಿಕ್ ಅಡ್ವೈಸರ್ ಎಂದು ಕರೆಯುತ್ತಾರೆ. ನಾವು ವಿದ್ಯಾರ್ಥಿ ಸಲಹೆಗಾರರು ಎನ್ನೋಣ. ನಮ್ಮ ಯುವಜನರಿಗೆ ಡಾಕ್ಟರ್, ಎಂಜಿನಿಯರ್, ನರ್ಸ್, ಬ್ಯಾಂಕ್ ಅಧಿಕಾರಿ ಗೊತ್ತು. ಇಂಥದೊಂದು ವೃತ್ತಿ ಇದೆಯೆಂದು ತಿಳಿದವರು ಕಡಿಮೆ.

ಸಲಹೆಗಾರರು ಪಾಠ ಮಾಡುವುದಿಲ್ಲ, ಅಂಕ ಕೊಡುವುದಿಲ್ಲ. ಮನೋರೋಗಕ್ಕೆ ಚಿಕಿತ್ಸೆ ನೀಡುವವರೂ ಅಲ್ಲ. ಅಗತ್ಯ ಕಂಡಾಗ ಅಂಥವರ ಬಳಿಗೆ ಕಳುಹಿಸುತ್ತಾರೆ. ವಿದ್ಯಾರ್ಥಿ ಯಾವ ವಿಷಯ ಆಯ್ದುಕೊಳ್ಳಬೇಕು, ಎಷ್ಟು ವಿಷಯಗಳ ಭಾರ ಹೊರಬಲ್ಲ, ಒಂದು ವಿಷಯದಲ್ಲಿ ಹಿಂದೆ ಬಿದ್ದರೆ ಕೊನೆಯ ದಿನಾಂಕಕ್ಕೆ ಮೊದಲು ಅದನ್ನು ಕೈಬಿಡಬೇಕೇ ಅಥವಾ ಟ್ಯೂಷನ್ ಪಡೆದು ಮುಂದುವರಿಯಬೇಕೇ, ಹಣದ ತೊಂದರೆಗೆ ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂಬುದನ್ನು ಅವನ ಜೊತೆ ಕುಳಿತು ಲೆಕ್ಕ ಹಾಕುವವರು ಅವರು.

ಈ ವೃತ್ತಿ ಬೆಳೆದದ್ದು ಅಮೆರಿಕದಲ್ಲಿ. 1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್, ಎಲ್ಲರೂ ಒಂದೇ ಪಾಠ ಓದುವ ಹಳೆಯ ಕ್ರಮವನ್ನು ಸಡಿಲಿಸಿ ವಿದ್ಯಾರ್ಥಿಗಳೇ ವಿಷಯ ಆಯ್ದುಕೊಳ್ಳುವ ಕ್ರಮವನ್ನು ವಿಸ್ತರಿಸಿದರು. ಆಯ್ಕೆ ಬಂದ ಕೂಡಲೇ ಗೊಂದಲವೂ ಬಂತು. ಕಾಲೇಜುಗಳು ಕೆಲವು ಪ್ರಾಧ್ಯಾಪಕರನ್ನೇ ಸಲಹೆಗಾರರಾಗಿ ನೇಮಿಸತೊಡಗಿದವು. 1960ರ ದಶಕದಲ್ಲಿ ಬಡ ಕುಟುಂಬಗಳ, ಕಪ್ಪು ಜನಾಂಗದ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಕಾಲೇಜಿಗೆ ಬರತೊಡಗಿದಾಗ ಪ್ರಾಧ್ಯಾಪಕರ ಬಿಡುವಿನ ವೇಳೆ ಇದಕ್ಕೆ ಸಾಲದಾಯಿತು. 1968ರಲ್ಲಿ ಅಲ್ಲಿನ ಕೇಂದ್ರ ಸರಕಾರ ಇದಕ್ಕಾಗಿಯೇ ಕಾಲೇಜುಗಳಿಗೆ ಅನುದಾನ ಕೊಡುವ ಯೋಜನೆಯೊಂದನ್ನು ಆರಂಭಿಸಿತು. ಬಡವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಅಂಗವೈಕಲ್ಯ ಉಳ್ಳವರು ಇಂದು ಅದರ ಫಲಾನುಭವಿಗಳು. 1979ರಲ್ಲಿ ಸಲಹೆಗಾರರ ರಾಷ್ಟ್ರೀಯ ಸಂಘಟನೆ ಹುಟ್ಟಿತು. ಅದರ ಕಾರ್ಯಾಲಯ ಇರುವ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದಲ್ಲಿಯೇ ಸ್ನಾತಕೋತ್ತರ ಪದವಿ ಪಡೆಯಬಹುದು.

1972ರಲ್ಲಿ ಟೆರಿ ಒಬಾನಿಯನ್ ಎಂಬ ಶಿಕ್ಷಣ ತಜ್ಞರು ಈ ಕೆಲಸಕ್ಕೊಂದು ಕ್ರಮ ಹಾಕಿಕೊಟ್ಟರು. ಮೊದಲು ಬದುಕಿನಲ್ಲಿ ಏನಾಗಬೇಕೆಂಬ ವಿಚಾರ, ಬಳಿಕ ಉದ್ಯೋಗದ ಗುರಿ, ಬಳಿಕ ಕೋರ್ಸು, ಬಳಿಕ ಅದರೊಳಗಿನ ವಿಷಯಗಳು, ಕೊನೆಗೆ ವೇಳಾಪಟ್ಟಿ. ನಮ್ಮಲ್ಲಿ ನಡೆಯುವುದು ಬಹುತೇಕ ಇದರ ತಲೆಕೆಳಗು. ಮೊದಲು ಸೀಟು ಎಲ್ಲಿದೆ, ಬಸ್ಸು ಎಷ್ಟು ಗಂಟೆಗೆ ಎಂದು ನೋಡುತ್ತೇವೆ. ಏನಾಗಬೇಕೆಂಬ ಪ್ರಶ್ನೆ ಪದವಿ ಮುಗಿದ ಮೇಲೆ ಏಳುತ್ತದೆ.

ಈ ವೃತ್ತಿಯ ಬೇರು ಕ್ರೈಸ್ತ ಶಿಕ್ಷಣ ಪರಂಪರೆಗೆ ಹೊರಗಿನದಲ್ಲ. ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಒಬ್ಬ ವ್ಯಕ್ತಿಯಾಗಿ ಕಂಡು ಕಾಳಜಿ ವಹಿಸುವುದಕ್ಕೆ ಯೇಸುಸಭೆಯವರು 'ಕೂರಾ ಪೆರ್ಸೊನಾಲಿಸ್' ಎಂಬ ಲತೀನ್ ಪದ ಬಳಸುತ್ತಾರೆ. 1934ರಲ್ಲಿ ಸಭೆಯ ಮಹಾಶ್ರೇಷ್ಠರಾಗಿದ್ದ ಫಾದರ್ ಲೆದೊಖೋವ್‌ಸ್ಕಿಯವರು ಅಮೆರಿಕದ ಯೇಸುಸಭೆಯ ವಿದ್ಯಾಸಂಸ್ಥೆಗಳಿಗೆ ನೀಡಿದ ಸೂಚನೆಗಳಲ್ಲಿ ಇದು ಕಾಣಿಸಿಕೊಂಡಿತು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು, ಪ್ರತಿಭೆ ಇದ್ದೂ ಹಣವಿಲ್ಲದ ಯುವಜನರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಸುಲಭವಾಗಿ ತೆರೆಯಬೇಕೆಂದು ಕೇಳಿಕೊಂಡಿತು. ಅಷ್ಟೇ ಅಲ್ಲ, ಕಥೋಲಿಕೇತರ ವಿಶ್ವವಿದ್ಯಾನಿಲಯಗಳಲ್ಲಿ ಓದುವವರಿಗೂ ವಸತಿ ಮತ್ತು ಆಧ್ಯಾತ್ಮಿಕ ಆಸರೆ ಒದಗಿಸಬೇಕೆಂದು ಸ್ಪಷ್ಟವಾಗಿ ಹೇಳಿತು. ಈ ಎರಡನೇ ಮಾತಿನ ಬಗ್ಗೆ ನಾವು ಅಷ್ಟಾಗಿ ಮಾತನಾಡುವುದಿಲ್ಲ.

ಬಾಗಿಲು ತೆರೆಯುವುದು ಬೇರೆ, ಒಳಗೆ ಬಂದವರ ಜೊತೆ ನಿಲ್ಲುವುದು ಬೇರೆ ಎಂಬುದನ್ನು ತೋರಿಸುವ ನೈಜ ಘಟನೆಯೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ನಗರದಲ್ಲಿ 'ಹೋಲಿ ಕ್ರಾಸ್' ಎಂಬ ಯೇಸುಸಭೆಯ ಕಾಲೇಜು ಇದೆ. ಸ್ಥಾಪನೆ 1843ರಲ್ಲಿ. 1849ರಲ್ಲಿ ಪದವಿ ಪಡೆದ ಅದರ ಮೊದಲ ತಂಡದಲ್ಲಿ ಪ್ರಥಮ ಸ್ಥಾನ ಪಡೆದವರು ಜೇಮ್ಸ್ ಹೀಲಿ. ಅವರ ತಂದೆ ಐರಿಶ್ ಜಮೀನುದಾರ, ತಾಯಿ ಗುಲಾಮ ಸ್ತ್ರೀ. ಹೀಲಿ ಮುಂದೆ ಗುರುಗಳಾಗಿ, 1875ರಲ್ಲಿ ಪೋರ್ಟ್‌ಲ್ಯಾಂಡ್‌ನ ಧರ್ಮಾಧ್ಯಕ್ಷರಾದರು. ಇಂಥ ಆರಂಭ ಕಂಡ ಕಾಲೇಜಿನಲ್ಲಿ 1960ರ ದಶಕದ ನಡುವೆ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೇ ಇದ್ದರು ಎಂಬುದು ವಿಪರ್ಯಾಸ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಆ ಕಾಲೇಜಿನಲ್ಲಿ ದೈವಶಾಸ್ತ್ರ ಕಲಿಸುತ್ತಿದ್ದ ಫಾದರ್ ಜಾನ್ ಬ್ರೂಕ್ಸ್, ಸಂತಾಪ ಸಭೆಗಳಿಂದ ಪ್ರಯೋಜನವಿಲ್ಲ, ವಿದ್ಯಾರ್ಥಿಗಳನ್ನು ಕರೆತರಬೇಕು ಎಂದು ಹೊರಟರು. ಫಿಲಡೆಲ್ಫಿಯ ಮುಂತಾದ ಕಡೆಗಳಿಗೆ ಕಾರಿನಲ್ಲಿ ಹೋಗಿ ಕಥೋಲಿಕ ಪ್ರೌಢಶಾಲೆಗಳಲ್ಲಿ ಹುಡುಗರನ್ನು ಭೇಟಿಯಾದರು, ಮನೆಯವರೊಡನೆ ಮಾತನಾಡಿದರು, ವಿದ್ಯಾರ್ಥಿವೇತನಕ್ಕೆ ಆಡಳಿತದ ಬಳಿ ಹಟ ಹಿಡಿದರು. ಆ ವರ್ಷದ ಶರತ್ಕಾಲದಲ್ಲಿ ಸುಮಾರು 20 ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಿದರು.

ಅವರಲ್ಲಿ ಎಡ್ವರ್ಡ್ ಜೋನ್ಸ್ ಎಂಬ ವಾಷಿಂಗ್ಟನ್‌ನ ಹುಡುಗನ ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಪಾತ್ರೆ ತೊಳೆಯುವುದು, ನೆಲ ಒರೆಸುವುದು ಆಕೆಯ ಕೆಲಸ. ಹುಡುಗನಿಗೆ ಆ ಕಾಲೇಜಿನ ಹೆಸರು ಹೇಳಿ ಅರ್ಜಿ ಹಾಕಲು ಹುರಿದುಂಬಿಸಿದವನು ಅವನ ಕೇರಿಯಲ್ಲಿ ಸೇವೆಗೆ ಬರುತ್ತಿದ್ದ, ಯಾಜಕ ತರಬೇತಿಯಲ್ಲಿದ್ದ ಯೇಸುಸಭೆಯ ಯುವಕ. ಬಾಗಿಲು ತಟ್ಟುವ ಮೊದಲ ಕೆಲಸ ಕಾಲೇಜಿನೊಳಗೆ ಅಲ್ಲ, ಕೇರಿಯಲ್ಲೇ ನಡೆಯಿತೆಂಬುದನ್ನು ನಮ್ಮ ವಾಳೆಗಳ ಗುರಿಕಾರರು ಗಮನಿಸಬೇಕು. ಜೋನ್ಸ್ 1972ರಲ್ಲಿ ಪದವಿ ಪಡೆದು ಸಾಹಿತಿಯಾದರು. 2004ರಲ್ಲಿ ಅವರ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷ ಕಾಲೇಜಿಗೆ ಬಂದ ಮತ್ತೊಬ್ಬ ವಿದ್ಯಾರ್ಥಿ, ಸೆಮಿನರಿ ಬಿಟ್ಟು ಬಂದಿದ್ದ ಕ್ಲಾರೆನ್ಸ್ ಥಾಮಸ್. ಅವರು 1991ರಿಂದ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ.

ಆದರೆ ಸೇರಿಸಿಕೊಂಡ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಬಿಳಿಯರೇ ತುಂಬಿದ್ದ ಆ ಗುಡ್ಡದ ಮೇಲಿನ ಕಾಲೇಜಿನಲ್ಲಿ ಈ ಹುಡುಗರು ಒಂಟಿಯಾದರು. ವಿದ್ಯಾರ್ಥಿ ನಿಲಯದ ಒಂದೇ ಸಾಲಿನ ಕೋಣೆಗಳಲ್ಲಿ ಒಟ್ಟಿಗೆ ಇರಲು ಅನುಮತಿ ಕೇಳಿದರು. ಇದು ಪ್ರತ್ಯೇಕತೆಯಲ್ಲವೇ ಎಂಬ ಚರ್ಚೆಯಾಯಿತು, ಕೊನೆಗೆ ಅನುಮತಿ ಸಿಕ್ಕಿತು. 1969ರ ಡಿಸೆಂಬರಿನಲ್ಲಿ ಒಂದು ಕಂಪೆನಿಯ ನೇಮಕಾತಿ ಅಧಿಕಾರಿಗಳನ್ನು ವಿದ್ಯಾರ್ಥಿಗಳು ತಡೆದು ಪ್ರತಿಭಟಿಸಿದರು. ತಡೆದವರಲ್ಲಿ ಬಹುಪಾಲು ಬಿಳಿಯರು. ಆದರೆ ಗುರುತು ಹಿಡಿದು ಶಿಕ್ಷೆಗೆ ಗುರಿಪಡಿಸುವಾಗ ಕಪ್ಪು ವಿದ್ಯಾರ್ಥಿಗಳೇ ಪ್ರಮಾಣ ಮೀರಿ ಸಿಕ್ಕಿಬಿದ್ದರು, ಏಕೆಂದರೆ ಅವರ ಮುಖ ಎಲ್ಲರ ನೆನಪಿನಲ್ಲಿ ಉಳಿಯುತ್ತಿತ್ತು. ಇದನ್ನು ಖಂಡಿಸಿ ಕಪ್ಪು ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿ ಕಾಲೇಜಿನಿಂದ ಹೊರನಡೆದರು. ಒಂದೂವರೆ ವರ್ಷದ ಶ್ರಮ ಒಂದೇ ದಿನದಲ್ಲಿ ಮುಗಿಯುವಂತಿತ್ತು. ಫಾದರ್ ಬ್ರೂಕ್ಸ್ ಅವರ ಪರವಾಗಿ ನಿಂತರು, ಅಧ್ಯಕ್ಷರಾಗಿದ್ದ ಫಾದರ್ ರೇಮಂಡ್ ಸ್ವೋರ್ಡ್ಸ್ ಪ್ರತಿಭಟನಕಾರರೆಲ್ಲರ ಶಿಕ್ಷೆಯನ್ನು ಕೈಬಿಟ್ಟರು, ಹುಡುಗರು ಮರಳಿದರು.

1970ರಲ್ಲಿ ಬ್ರೂಕ್ಸ್ ಅವರೇ ಅಧ್ಯಕ್ಷರಾಗಿ 1994ರ ವರೆಗೆ ಮುಂದುವರಿದರು. 1972ರಲ್ಲಿ ಅವರ ಕಾಲದಲ್ಲೇ ಕಾಲೇಜಿಗೆ ವಿದ್ಯಾರ್ಥಿನಿಯರ ಪ್ರವೇಶವಾಯಿತು. 2012ರಲ್ಲಿ ನಿಧನರಾದರು. ಈಚಿನ ಶಿಕ್ಷಣ ಶಾಸ್ತ್ರದಲ್ಲಿ 'ಎಲ್ಲರನ್ನೂ ಒಳಗೊಳ್ಳುವ ನಾಯಕತ್ವ' ಎಂದು ಕರೆಯುವುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಅದೇ ಕ್ಲಾರೆನ್ಸ್ ಥಾಮಸ್ ಮುಂದೆ ಜನಾಂಗ ಆಧಾರಿತ ಪ್ರವೇಶದ ಕಟು ವಿಮರ್ಶಕರಾದರು. ಇಂಥ ಪ್ರವೇಶದಿಂದ ತಮ್ಮ ಪದವಿಯ ಬೆಲೆಯನ್ನೇ ಜನ ಕಡಿಮೆ ಮಾಡಿ ನೋಡಿದರು ಎಂಬುದು ಅವರ ಅಳಲು. 2023ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಂಥ ಪ್ರವೇಶ ಪದ್ಧತಿಯನ್ನು ರದ್ದುಪಡಿಸಿದಾಗ ಬಹುಮತದ ತೀರ್ಪಿನ ಕಡೆ ಅವರೂ ಇದ್ದರು. ಹಾಗಿದ್ದರೂ ಫಾದರ್ ಬ್ರೂಕ್ಸ್ ಅವರ ಮೇಲಿನ ಅವರ ಗೌರವ ಕುಂದಲಿಲ್ಲ. ನೀತಿಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು; ತನ್ನ ಹೆಸರು ಹಿಡಿದು ಕರೆದು, ಕಷ್ಟ ಕೇಳಿದ ಮನುಷ್ಯನನ್ನು ವಿದ್ಯಾರ್ಥಿ ಮರೆಯುವುದಿಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ಇಲ್ಲಿ ಬಾಗಿಲು ತೆರೆಯುವ ಕೆಲಸ ಹಿಂದೆಯೇ ನಡೆದಿದೆ. ಮಂಗಳೂರಿನಲ್ಲಿ 1880ರಲ್ಲಿ ಯೇಸುಸಭೆಯವರ ಸಂತ ಅಲೋಶಿಯಸ್, 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದವು. ಇಂದಿನ ಪ್ರಶ್ನೆ ಬಂದವರು ಉಳಿಯುವುದರದ್ದು. ಉದಾಹರಣೆಗೆ ಮೀನುಗಾರಿಕೆಯ ಕುಟುಂಬವೊಂದರ ಹುಡುಗನನ್ನು ಊಹಿಸಿಕೊಳ್ಳಿ. ಜೂನ್, ಜುಲೈ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಮನೆಯಲ್ಲಿ ಕೈ ಖಾಲಿ. ಅದೇ ಹೊತ್ತಿಗೆ ಕಾಲೇಜು ಶುಲ್ಕ. ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದಾಗ ಸಾಲ ತೀರಿಸಲು ಅವನೂ ಬೆಳಗ್ಗಿನ ಜಾವ ಬಂದರಿಗೆ ಹೋಗುತ್ತಾನೆ. ಮೊದಲ ಎರಡು ಪೀರಿಯಡ್ ತಪ್ಪುತ್ತವೆ. ಶೇಕಡಾ 75 ಹಾಜರಾತಿಯ ಲೆಕ್ಕ ಅಕ್ಟೋಬರಿನಲ್ಲಿ ನೋಟಿಸ್ ಬೋರ್ಡಿಗೆ ಬಂದಾಗ ಅವನ ಹೆಸರು ಕೊರತೆಯ ಪಟ್ಟಿಯಲ್ಲಿದೆ. ಶಿಕ್ಷಕರ ಕಣ್ಣಿಗೆ ಅವನು ಸೋಮಾರಿ. ಒಳ್ಳೆಯ ಸಲಹೆಗಾರರು ಅಕ್ಟೋಬರ್ ವರೆಗೆ ಕಾಯುವುದಿಲ್ಲ. ಆಗಸ್ಟ್ ಕೊನೆಗೇ ಹಾಜರಿ ಪುಸ್ತಕ ನೋಡಿ, ಅವನು ಬರಲಿ ಎನ್ನದೆ ತಾವೇ ಕರೆಸುತ್ತಾರೆ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಪ್ರಾಂಶುಪಾಲರ ಬಳಿ ಮಾತನಾಡುತ್ತಾರೆ, ಬೇಕಾದರೆ ಮನೆಗೂ ಹೋಗುತ್ತಾರೆ.

ನಮ್ಮ ಕಾಲೇಜುಗಳಲ್ಲಿ ಇದಕ್ಕೆ 'ಮೆಂಟರ್' ಪದ್ಧತಿ ಇದೆ. ಒಬ್ಬ ಅಧ್ಯಾಪಕರಿಗೆ ಇಷ್ಟು ವಿದ್ಯಾರ್ಥಿಗಳು ಎಂದು ಹಂಚಿ, ಭೇಟಿಯ ವಿವರ ಬರೆದಿಡುತ್ತಾರೆ. ನ್ಯಾಕ್ ಮೌಲ್ಯಮಾಪನದಲ್ಲಿ ಇದನ್ನು ಕೇಳುತ್ತಾರೆ. ಮನಸ್ಸಿಟ್ಟು ಮಾಡುವ ಅಧ್ಯಾಪಕರಿದ್ದಾರೆ, ಅವರಿಗೆ ವಂದನೆ. ನ್ಯಾಕ್ ತಂಡ ಬರುವ ವಾರ ಒಂದೇ ಪೆನ್ನಿನಲ್ಲಿ ತುಂಬಿಸಿದ ಮೆಂಟರ್ ಡೈರಿಗಳೂ ಇವೆ ಎಂಬುದನ್ನು ಶಿಕ್ಷಣ ಕ್ಷೇತ್ರದಲ್ಲಿರುವವರು ಅಲ್ಲಗಳೆಯಲಾರರು. ಇನ್ನೊಂದು ತೊಡಕೂ ಇದೆ. ಸೆಮಿನರಿಯಲ್ಲಿ ಆತ್ಮಿಕ ನಿರ್ದೇಶಕರು ಬೇರೆ, ಅಭ್ಯರ್ಥಿಯ ಯೋಗ್ಯತೆಯ ಬಗ್ಗೆ ವರದಿ ಬರೆಯುವ ಮೇಲ್ವಿಚಾರಕರು ಬೇರೆ. ಮನಸ್ಸು ಬಿಚ್ಚಿ ಮಾತನಾಡಿದ್ದು ವರದಿಗೆ ಹೋಗಬಾರದು ಎಂಬುದು ಧರ್ಮಸಭೆಯ ಹಳೆಯ ವಿವೇಕ. ಇಂಟರ್ನಲ್ ಅಂಕ ಕೊಡುವವರೇ ಮೆಂಟರ್ ಆದಾಗ ವಿದ್ಯಾರ್ಥಿ ಬಾಯಿ ಬಿಡುವುದು ಕಷ್ಟ.

2025ರ ಜುಲೈ 25ರಂದು ನಮ್ಮ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ಸಂಬಂಧ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ನೀಡಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಲೇಬೇಕು ಎಂಬುದು ಅವುಗಳಲ್ಲೊಂದು. ನಮ್ಮ ಧರ್ಮಪ್ರಾಂತ್ಯಗಳ, ಧಾರ್ಮಿಕ ಸಭೆಗಳ ಸಂಸ್ಥೆಗಳಿಗೂ ಇದು ಅನ್ವಯ. ಈ ಕೆಲಸಕ್ಕೆ ಸಿದ್ಧರಾದ ಯುವಜನರು ಬೇಕಾಗಿದ್ದಾರೆ ಎಂಬುದೇ ಇದರ ಅರ್ಥ.

ಅಂಗವೈಕಲ್ಯ ಉಳ್ಳವರ ಹಕ್ಕುಗಳ 2016ರ ಕಾಯಿದೆಯನ್ನೂ ಇಲ್ಲಿ ಹೇಳಬೇಕು. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕು. ಆ 21ರಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅಕ್ಷರ ತಿರುಗುಮುರುಗಾಗಿ ಕಾಣುವ ಮಗುವನ್ನು ದಡ್ಡ ಎಂದು ಕರೆದು ಪಿಯುಸಿವರೆಗೆ ತಂದ ಉದಾಹರಣೆಗಳು ನಮ್ಮ ನಡುವೆ ಇರುತ್ತವೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ, ಅಗತ್ಯವಿದ್ದಲ್ಲಿ ಬರೆದುಕೊಡುವ ಸಹಾಯಕ ಸಿಗಬಹುದು. ಆದರೆ ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಆಗದು.

ಇನ್ನು ಕಾಗದಪತ್ರ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿಯೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿಯೂ ಇದ್ದಾರೆ. ಈ ಎರಡನೆಯವರಿಗೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ. ಇರುವ ಪ್ರವರ್ಗ 1 ಕೂಡ ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ ಅದರ ಆರ್‌ಡಿ ಸಂಖ್ಯೆ ಇಟ್ಟುಕೊಳ್ಳದೆ ರಾಜ್ಯದ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಸಾಗುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಸಲಹೆಗಾರರ ದಿನದ ಅರ್ಧಭಾಗ ಇಂಥ ಚಿಕ್ಕ ವಿಷಯಗಳಲ್ಲೇ ಕಳೆಯುತ್ತದೆ. ಜೊತೆಗೆ ಪಠ್ಯಕ್ರಮದ ಬದಲಾವಣೆ ಬೇರೆ: ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಣ್ಣನ ಅನುಭವ ತಂಗಿಗೆ ಉಪಯೋಗಕ್ಕೆ ಬಾರದಂತಾಯಿತು.

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳುಹಿಸುವ ಹೆತ್ತವರು ಎರಡು ವಿಷಯ ತಿಳಿದಿರಬೇಕು. ವಿದ್ಯಾರ್ಥಿ ವೀಸಾದಲ್ಲಿರುವವರು ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಸಲಹೆಗಾರರ ಪೂರ್ವಾನುಮತಿ ಇಲ್ಲದೆ ವಿಷಯ ಕೈಬಿಟ್ಟು ಪೂರ್ಣಾವಧಿಗಿಂತ ಕೆಳಗಿಳಿದರೆ ವೀಸಾ ಸ್ಥಾನಮಾನವನ್ನೇ ಕಳೆದುಕೊಳ್ಳಬಹುದು. ಗಣಿತ ಕಷ್ಟವಾಯಿತೆಂದು ಯಾರನ್ನೂ ಕೇಳದೆ ಬಿಟ್ಟ ಒಂದು ವಿಷಯ ಊರಿಗೆ ವಾಪಸು ಕಳುಹಿಸೀತು. ಎರಡನೆಯದಾಗಿ, 1974ರ ಖಾಸಗಿತನದ ಕಾಯಿದೆಯಂತೆ ಅಂಕಪಟ್ಟಿಯ ಮೇಲಿನ ಹಕ್ಕು ಅಲ್ಲಿ ವಿದ್ಯಾರ್ಥಿಯದು. ನಾವು ಇಲ್ಲಿಂದ ಫೋನು ಮಾಡಿ ಕೇಳಿದರೆ ಸಾಮಾನ್ಯವಾಗಿ ಉತ್ತರ ಸಿಗದು. ಸೊಕ್ಕು ಎಂದು ತಿಳಿಯಬಾರದು, ಕಾನೂನೇ ಹಾಗೆ.

ಈ ಕ್ಷೇತ್ರಕ್ಕೆ ಬರಲು ಬಯಸುವವರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಆಪ್ತಸಮಾಲೋಚನೆ, ಮನಶ್ಶಾಸ್ತ್ರ, ವಿಶೇಷ ಶಿಕ್ಷಣ ಇವು ದಾರಿಗಳು. ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯ ಸಮಾಜಕಾರ್ಯ ಶಿಕ್ಷಣಕ್ಕೆ ಹೆಸರಾದದ್ದು ಓದುಗರಿಗೆ ಗೊತ್ತು. ವಿದೇಶದಲ್ಲಿ ಸಲಹೆಗಾರರಾಗಿ ಸೇರಿದವರು ಅನುಭವ ಬಂದಂತೆ ವಿಭಾಗದ ನಿರ್ದೇಶಕರು, ವಿದ್ಯಾರ್ಥಿ ಕ್ಷೇಮದ ಡೀನ್ ಆಗುತ್ತಾರೆ. ನಮ್ಮಲ್ಲಿ ಹುದ್ದೆಗಳು ಇನ್ನೂ ಕಡಿಮೆ. ಸಂಬಳವೂ ಸಾಫ್ಟ್‌ವೇರ್‌ಗೆ ಹೋಲಿಸುವಂಥದ್ದಲ್ಲ, ಇದನ್ನು ಮೊದಲೇ ಹೇಳುವುದು ನ್ಯಾಯ. ಮೇಲೇರಿದವರ ಕೆಲಸ ಬೇರೆ ಬಗೆಯದು: ಪ್ರತಿ ನಿಯಮ ಮಾಡುವಾಗಲೂ ಇದರಿಂದ ಯಾರು ಹೊರಗುಳಿಯುತ್ತಾರೆ ಎಂದು ಕೇಳುವುದು. ಗ್ರಂಥಾಲಯ ಸಂಜೆ ಆರಕ್ಕೆ ತೆರೆದಿದ್ದರೂ ಕೊನೆಯ ಬಸ್ಸು ಐದಕ್ಕೇ ಹೊರಡುವ ಊರಿನ ಹುಡುಗಿಗೆ ಏನು ಪ್ರಯೋಜನ? ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ ಪ್ರಯೋಗಾಲಯ ಇಟ್ಟು ಶೇ. 5 ಮೀಸಲಾತಿ ಎಂದರೆ ಹೇಗೆ?

ಧರ್ಮಕೇಂದ್ರಗಳಲ್ಲಿ ಇದಕ್ಕೆ ಹೊಸ ಸಂಘಟನೆ ಬೇಕಾಗಿಲ್ಲ. ಪಾಲನಾ ಮಂಡಳಿಯ ಶಿಕ್ಷಣ ಸಂಚಾಲಕರು, ಐಸಿವೈಎಂ ಪದಾಧಿಕಾರಿಗಳು, ಸಂತ ವಿನ್ಸೆಂಟ್ ಪಾವ್ಲರ ಸಭೆಯವರು ಸೇರಿ ಜೂನ್‌ನಲ್ಲಿ ಸನ್ಮಾನಿಸಿದ ಮಕ್ಕಳ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ತೆರೆದು ನೋಡಬಹುದು. ಸನ್ಮಾನ ಸಿಗದಷ್ಟು ಅಂಕ ಬಂದವರ ಹೆಸರನ್ನೂ ಅದಕ್ಕೆ ಸೇರಿಸಬೇಕು, ಏಕೆಂದರೆ ಮೊದಲು ಕೈಬಿಟ್ಟು ಹೋಗುವವರು ಅವರೇ. ಭೇಟಿಯಾದಾಗ "ಎಷ್ಟು ಪರ್ಸೆಂಟ್ ಬಂತು?" ಎಂದು ಕೇಳುವ ಬದಲು ಹಾಜರಾತಿ ಎಷ್ಟಾಯಿತು, ವಿದ್ಯಾರ್ಥಿವೇತನದ ಅರ್ಜಿ ಎಲ್ಲಿಗೆ ಬಂತು, ಯಾವ ವಿಷಯ ಅರ್ಥವಾಗುತ್ತಿಲ್ಲ ಎಂದು ವಿಚಾರಿಸಬಹುದು. ಉತ್ತರ ಸಿಕ್ಕಿದ ವಾರದಲ್ಲೇ ಕಾಲೇಜಿನ ಕಚೇರಿಗೆ ಅವರ ಜೊತೆ ಹೋಗಿಬರಬಹುದು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುವ ಮಗುವಿನ ಜೊತೆಗಂತೂ ಯಾರಾದರೂ ಹಿರಿಯರು ಹೋಗುವುದು ಒಳ್ಳೆಯದು.